ಐದು ಅಡಿ ದಾಟಿದ ತೆಗ್ಗು

ನಮ್ಮ ಕಡೆ ನೆಲ ಅಗೆಯುವ ಕೆಲಸಕ್ಕೆ ಒಂದೇ ಹೆಸರಿಲ್ಲ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಸೀಮೆಯಲ್ಲಿ ಮನೆ ಕಟ್ಟಲು ತೆಗೆದರೆ ಅದು ಪಾಯಾ, ನೀರು ಹರಿಯಲು ಉದ್ದಕ್ಕೆ ತೆಗೆದರೆ ನಾಲಿ ಇಲ್ಲವೇ ಗಟಾರ, ಜೋಳ ತುಂಬಿಡಲು ತೋಡಿದರೆ ಹಗೇವು, ಮಳೆ ನೀರು ನಿಲ್ಲಿಸಲು ತೋಡಿದರೆ ಹೊಂಡ, ಸತ್ತವರಿಗಾಗಿ ಹಡ್ಡಿದರೆ ಕುಣಿ. ಇದಾವುದೂ ಅಲ್ಲದೆ ಸುಮ್ಮನೆ ಬಾಯಿ ತೆರೆದುಕೊಂಡು ಬಿದ್ದಿದ್ದರೆ ತೆಗ್ಗು. ನೆಲಕ್ಕೂ ಹಾಗೆಯೇ ಹೆಸರುಗಳಿವೆ: ಯರಿ, ಮಸಾರಿ, ಮಡ್ಡಿ, ಗರಸು, ಪರಸಿ. ಅನುಭವಸ್ಥ ಕೆಲಸಗಾರ ಹಾರೆ ಹಾಕಿದ ಸದ್ದಿನಲ್ಲೇ ಕೆಳಗೆ ಗರಸು ಬಂತೋ ಕಲ್ಲು ಬಂತೋ ಹೇಳಿಬಿಡುತ್ತಾನೆ.

ಅದೇ ಕೆಲಸದ ಗುತ್ತಿಗೆ ಕಾಗದ ಬಿಚ್ಚಿದರೆ ಅಲ್ಲಿ ಬೇರೆಯೇ ಭಾಷೆ. ಎಕ್ಸ್‌ಕವೇಷನ್, ಟ್ರೆಂಚ್, ಶೋರಿಂಗ್, ಬೆಂಚಿಂಗ್, ಸ್ಲೋಪಿಂಗ್, ಬರ್ಮ್. ಕನ್ನಡಕ್ಕೆ ತರಲು ಹೊರಟವರು ‘ಉತ್ಖನನ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಆ ಮಾತು ಕೇಳಿದರೆ ಹಂಪಿಯಲ್ಲೋ ಸನ್ನತಿಯಲ್ಲೋ ಪುರಾತತ್ವದವರು ಕುಂಚ ಹಿಡಿದು ಕೂತಿರುವುದು ಕಣ್ಣಿಗೆ ಬರುತ್ತದೆಯೇ ಹೊರತು, ಸಿಂದಗಿಯ ಓಣಿಯೊಳಗೆ ಪೈಪು ಹಾಕಲು ಎಂಟಡಿ ಆಳದಲ್ಲಿ ನಿಂತಿರುವ ಮನುಷ್ಯ ಕಾಣುವುದಿಲ್ಲ. ಅವನ ಜೀವ ಉಳಿಸುವ ಮಾತುಗಳೆಲ್ಲ ಮೇಲಿನ ಕಾಗದದಲ್ಲಿವೆ. ಆ ನೆಲ ಯಾವಾಗ ಕೈಕೊಡುತ್ತದೆ ಎಂಬ ತಿಳಿವಳಿಕೆ ಕೆಳಗೆ ನಿಂತವನ ಬಾಯಲ್ಲಿದೆ. ಇವೆರಡೂ ಒಂದನ್ನೊಂದು ಭೇಟಿಯಾಗುವುದೇ ಇಲ್ಲ. ಈ ಬರಹ ಆ ಭೇಟಿಗಾಗಿ.

ಮೊದಲು ನಮ್ಮ ಯರಿ ನೆಲದ ಸ್ವಭಾವ ನೋಡೋಣ, ಯಾಕೆಂದರೆ ಹೊರಗಿನಿಂದ ಬಂದ ಯಂತ್ರ ಚಾಲಕನನ್ನೂ ಎಂಜಿನಿಯರನನ್ನೂ ಒಮ್ಮೊಮ್ಮೆ ನಮ್ಮವರನ್ನೂ ಮೋಸಗೊಳಿಸುವುದು ಇದೇ. ಡೋಣಿ ಹರಿದರೆ ಓಣಿಯ ತುಂಬ ಜೋಳ ಎಂದು ನಮ್ಮ ಹಿರಿಯರು ಹೇಳುವ, ಡೋಣಿ ನದಿ ಸೀಮೆಯ ಈ ಕರಿ ಮಣ್ಣು ಹಿಂಗಾರಿ ಜೋಳಕ್ಕೆ ದೇವರು ಕೊಟ್ಟ ವರ. ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ತೇವ ಹಿಡಿದಿಟ್ಟುಕೊಳ್ಳುವುದು ಅದರ ಜೇಡಿಯ ಗುಣ. ಮಾಂಟ್‌ಮೊರಿಲೊನೈಟ್ ಎಂಬ ಖನಿಜದ ಪದರಗಳ ನಡುವೆ ನೀರು ಸೇರಿದರೆ ಮಣ್ಣು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಕುಗ್ಗಿದಾಗ ಬಿರುಕು ಬಿಡುತ್ತದೆ. ಮಾರ್ಚ್‌ನಿಂದ ಮೇ ತನಕ ನಮ್ಮ ಹೊಲಗಳಲ್ಲಿ ಕುರಿಮರಿಯ ಕಾಲು ಸಿಕ್ಕಿಕೊಳ್ಳುವಷ್ಟು ಅಗಲದ ಬಿರುಕುಗಳು ಬಾಯಿ ಬಿಡುವುದನ್ನು ಎಲ್ಲರೂ ನೋಡಿದ್ದೇವೆ. ಅವು ಮೇಲ್ಮೈಯ ಗೆರೆಗಳಲ್ಲ, ಮೂರ್ನಾಲ್ಕು ಅಡಿ ಆಳಕ್ಕೆ ನೆಟ್ಟಗೆ ಇಳಿದಿರುತ್ತವೆ.

ಇಂಥ ನೆಲದಲ್ಲಿ ಬೇಸಿಗೆಯ ದಿನ ಜೆಸಿಬಿ ತಂದು ನಾಲಿ ಹೊಡೆದರೆ ಗೋಡೆಗಳು ಚಾಕುವಿನಿಂದ ಕೊಯ್ದ ಹಾಗೆ ನೆಟ್ಟಗೆ ನಿಲ್ಲುತ್ತವೆ. ಮುಟ್ಟಿದರೆ ಕಲ್ಲಿನಂತೆ ಗಟ್ಟಿ. ‘ಇದು ಎಲ್ಲಿ ಬೀಳ್ತದ್ರೀ’ ಎನ್ನುವ ಧೈರ್ಯ ಬರುವುದು ಆಗಲೇ. ಆದರೆ ಆ ಗೋಡೆಯ ಬೆನ್ನಿಗೆ ಒಂದೂವರೆ ಎರಡು ಅಡಿ ದೂರದಲ್ಲಿ ಬಿಸಿಲು ಆಗಲೇ ಒಂದು ಬಿರುಕು ಸೀಳಿ ಇಟ್ಟಿದೆ. ಅಂದರೆ ಬೀಳಬೇಕಾದ ಚಪ್ಪಡಿ ಬೆನ್ನ ಕಡೆಯಿಂದ ಬೇರ್ಪಟ್ಟು ತಯಾರಾಗಿದೆ, ನಾವು ಎದುರಿನ ಕಡೆಯನ್ನು ಯಂತ್ರದಿಂದ ತೆರೆದುಕೊಟ್ಟೆವು. ಮಧ್ಯಾಹ್ನದ ತನಕ ನಿಂತದ್ದು ಸಂಜೆ ಬೀಳುತ್ತದೆ. ಮೊದಲ ಅಡ್ಡಮಳೆಯ ನೀರು ಆ ಬಿರುಕಿನೊಳಗೆ ಇಳಿದರಂತೂ ಗೋಡೆಯನ್ನು ಹಿಂದಿನಿಂದ ದೂಡುವ ಕೆಲಸ ನೀರೇ ಮಾಡುತ್ತದೆ.

ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಷಾ ಮಣ್ಣನ್ನು ಎ, ಬಿ, ಸಿ ಎಂದು ವಿಂಗಡಿಸುತ್ತದೆ. ಗಟ್ಟಿ ಜೇಡಿ ‘ಎ’ ವರ್ಗದ್ದು, ಎಲ್ಲಕ್ಕಿಂತ ಭದ್ರ. ಆದರೆ ಎಷ್ಟೇ ಗಟ್ಟಿಯಿದ್ದರೂ ಬಿರುಕು ಬಿಟ್ಟಿದ್ದರೆ ಅದು ‘ಎ’ ಅಲ್ಲ ಎಂದು ನಿಯಮ ಖಡಾಖಂಡಿತವಾಗಿ ಹೇಳುತ್ತದೆ. ಒಮ್ಮೆ ಅಗೆದು ಮುಚ್ಚಿದ ನೆಲವೂ ‘ಎ’ ಅಲ್ಲ, ನೀರು ಜಿನುಗುವ ನೆಲ ‘ಸಿ’. ಈ ಅಳತೆಗೋಲು ಹಿಡಿದರೆ ಬೇಸಿಗೆಯಲ್ಲಿ ಗಟ್ಟಿಯಾಗಿ ಕಾಣುವ ನಮ್ಮ ಯರಿ ನೆಲ ಮೊದಲ ದರ್ಜೆಗೆ ಎಂದೂ ಏರುವುದಿಲ್ಲ. ಊರೊಳಗಿನ ಓಣಿಯಂತೂ ನಲ್ಲಿ, ಗಟಾರ, ಕೇಬಲ್ ಎಂದು ಹತ್ತು ಸಲ ಅಗೆದು ಹತ್ತು ಸಲ ಮುಚ್ಚಿದ್ದು. ಅದರ ಮೇಲೆ ನಂಬಿಕೆ ಇಡುವುದಕ್ಕೆ ಯಾವ ಆಧಾರವೂ ಇಲ್ಲ.

ಯರಿಯ ಕೆಳಗೆ ಗರಸು ಬರುತ್ತದೆ, ಅದರ ಕೆಳಗೆ ಡೆಕ್ಕನ್ ಟ್ರ್ಯಾಪ್ ಎಂದು ಭೂವಿಜ್ಞಾನಿಗಳು ಕರೆಯುವ ಕರಿಕಲ್ಲು. ಗರಸಿನ ಅಪಾಯ ಬೇರೆ ಬಗೆಯದು. ರಸ್ತೆಗೆ, ಮನೆಯ ಭರ್ತಿಗೆ ಗರಸು ಬೇಕೆಂದು ದಿಬ್ಬದ ಬುಡಕ್ಕೆ ಕೈ ಹಾಕಿ ಒಳಗೊಳಗೇ ತೋಡುತ್ತ ಹೋಗುತ್ತಾರೆ. ಕೊನೆಗೆ ಅದು ಗವಿಯಾಗುತ್ತದೆ, ಮೇಲೆ ಟನ್‌ಗಟ್ಟಲೆ ಮಣ್ಣು ಚಾಚಿಕೊಂಡಿರುತ್ತದೆ, ಕೆಳಗೆ ಬುಟ್ಟಿ ತುಂಬುವವರು ಕೂತಿರುತ್ತಾರೆ. ಇಂಗ್ಲಿಷಿನಲ್ಲಿ ಅಂಡರ್‌ಕಟಿಂಗ್ ಎನ್ನುವ ಈ ಕೆಲಸಕ್ಕೆ ಬುಡ ಕೊರೆಯುವುದು ಎಂಬ ಮಾತು ಸಾಕು. ಕೇಂದ್ರ ಲೋಕೋಪಯೋಗಿ ಇಲಾಖೆಯ ಗುತ್ತಿಗೆ ಷರತ್ತುಗಳ ಜೊತೆಗೆ ಬರುವ ಸುರಕ್ಷತಾ ಸಂಹಿತೆ ಇದನ್ನು ಯಾವ ಸಂದರ್ಭದಲ್ಲೂ ಮಾಡಕೂಡದು ಎನ್ನುತ್ತದೆ. ಅಗೆತ ಮೇಲಿನಿಂದ ಕೆಳಕ್ಕೆ ಬರಬೇಕು, ಎಂದಿಗೂ ಬುಡದಿಂದಲ್ಲ.

ಆ ಸಂಹಿತೆಯ ಅಗೆತದ ಭಾಗ ಒಂದು ಪುಟವೂ ತುಂಬುವುದಿಲ್ಲ. ನಾಲಿಯ ಆಳ 4 ಅಡಿ ಮುಟ್ಟಿತೆಂದರೆ ಏಣಿ ಇರಲೇಬೇಕು, ಪ್ರತಿ 100 ಅಡಿ ಉದ್ದಕ್ಕೆ ಕನಿಷ್ಠ ಒಂದು. ಏಣಿ ತಳದಿಂದ ಹೊರಟು ನೆಲದ ಮಟ್ಟಕ್ಕಿಂತ 3 ಅಡಿ ಮೇಲಕ್ಕೆ ಚಾಚಿರಬೇಕು. ಆಳ 5 ಅಡಿ ಮುಟ್ಟಿದರೆ ಗೋಡೆಯನ್ನು ನೆಟ್ಟಗೆ ಬಿಡುವಂತಿಲ್ಲ, ಓರೆ ಮಾಡಬೇಕು ಇಲ್ಲವೇ ಹಲಗೆ ತೊಲೆಗಳಿಂದ ಆಸರೆ ಕೊಡಬೇಕು. ತೆಗೆದ ಮಣ್ಣನ್ನು ದಂಡೆಯಿಂದ 5 ಅಡಿ ಅಥವಾ ನಾಲಿಯ ಅರ್ಧ ಆಳ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ದೂರ ಹಾಕಬೇಕು. ಭಾರತೀಯ ಮಾನಕ ಸಂಸ್ಥೆಗೂ ಅಗೆತದ ಸುರಕ್ಷತೆಗೆಂದೇ ಐಎಸ್ 3764 ಎಂಬ ಸಂಹಿತೆಯಿದೆ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಡಿ 1998ರಲ್ಲಿ ಬಂದ ಕೇಂದ್ರ ನಿಯಮಗಳೂ ಅಗೆತಕ್ಕೆ ಒಂದು ಪ್ರತ್ಯೇಕ ಅಧ್ಯಾಯವನ್ನೇ ಕೊಟ್ಟವು. ನಿಯಮಕ್ಕೆ ಬರವಿಲ್ಲ.

ಐದೇ ಅಡಿ ಯಾಕೆ? ಎದೆಮಟ್ಟದ ತೆಗ್ಗಿಗೆ ಇಷ್ಟು ಹೆದರಿಕೆ ಯಾಕೆ ಎಂದು ಕೇಳುವವರಿದ್ದಾರೆ. ನಮ್ಮ ಜಿಲ್ಲೆಯ ಅಳತೆಯಲ್ಲೇ ಉತ್ತರ ಹೇಳುತ್ತೇನೆ. ಇಲ್ಲಿ ಮಣ್ಣು, ಮರಳು, ಗರಸು ಅಳೆಯುವುದು ಬ್ರಾಸಿನಲ್ಲಿ. ಒಂದು ಬ್ರಾಸ್ ಎಂದರೆ 100 ಘನ ಅಡಿ, ಸುಮಾರು ಒಂದು ಟ್ರ್ಯಾಕ್ಟರ್ ಟ್ರ್ಯಾಲಿ. 5 ಅಡಿ ಆಳದ ನಾಲಿಯಲ್ಲಿ 10 ಅಡಿ ಉದ್ದಕ್ಕೆ, 2 ಅಡಿ ದಪ್ಪದ ಪಕ್ಕೆಯೊಂದು ಕಳಚಿ ಬಿತ್ತು ಎಂದುಕೊಳ್ಳಿ. ಹತ್ತು, ಐದು, ಎರಡು ಗುಣಿಸಿದರೆ ಸರಿಯಾಗಿ ಒಂದು ಬ್ರಾಸ್. ಹಸಿ ಮಣ್ಣಾಗಿದ್ದರೆ ಅದರ ತೂಕ 5 ಟನ್‌ನ ಆಸುಪಾಸು. ಒಂದು ತುಂಬಿದ ಟ್ರ್ಯಾಲಿಯನ್ನು ಬಗ್ಗಿ ಪೈಪು ಜೋಡಿಸುತ್ತಿರುವವನ ಬೆನ್ನ ಮೇಲೆ ಮಗುಚಿದಂತೆ. ತಲೆ ಮೇಲೆ ಕಾಣುತ್ತಿದ್ದರೂ ಅವನು ಬದುಕುತ್ತಾನೆಂಬ ಭರವಸೆ ಇಲ್ಲ. ಉಸಿರು ಬಿಟ್ಟಾಗ ಎದೆ ಕುಗ್ಗುತ್ತದೆ, ಕುಗ್ಗಿದ ಜಾಗಕ್ಕೆ ಮಣ್ಣು ಸರಿದು ಕೂರುತ್ತದೆ, ಮರಳಿ ಉಸಿರು ಎಳೆಯಲು ಎದೆ ಹಿಗ್ಗುವುದಿಲ್ಲ. ಉಳಿಸಲು ಸಿಗುವ ಸಮಯ ಕೆಲವೇ ನಿಮಿಷ.

ಭಾರದ ಮುಂದೆ ಮನುಷ್ಯನ ಮೈ ಎಷ್ಟು ದುರ್ಬಲ ಎಂಬುದನ್ನು ನಮ್ಮ ಜಿಲ್ಲೆ 2023ರ ಡಿಸೆಂಬರ್‌ನಲ್ಲಿ ಬೇರೊಂದು ರೂಪದಲ್ಲಿ ಕಂಡಿತು. ವಿಜಯಪುರದ ಕೈಗಾರಿಕಾ ಪ್ರದೇಶದ ಗೋದಾಮಿನಲ್ಲಿ ಮೆಕ್ಕೆಜೋಳದ ಮೂಟೆಗಳು ಕುಸಿದು ಬಿಹಾರದಿಂದ ದುಡಿಯಲು ಬಂದಿದ್ದ 7 ಮಂದಿ ಅಡಿಯಲ್ಲಿ ಸಿಕ್ಕಿ ಸತ್ತರು. ಅದು ಅಗೆತದ ಕೆಲಸವಾಗಿರಲಿಲ್ಲ, ಆದರೆ ಸಾವಿನ ಬಗೆ ಅದೇ.

ತೆಗ್ಗಿನ ಪಕ್ಕೆ ಬಿದ್ದಾಗ ಇನ್ನೊಂದು ಅನಾಹುತವೂ ಕಾದಿರುತ್ತದೆ. ಮೇಲಿದ್ದವರು ಅಣ್ಣನನ್ನೋ ಗೆಳೆಯನನ್ನೋ ಎಳೆದು ತೆಗೆಯಲು ಹಿಂದುಮುಂದು ನೋಡದೆ ಧುಮುಕುತ್ತಾರೆ. ಒಂದು ಕಡೆ ಕಳಚಿದ ಮೇಲೆ ಎದುರಿನ ಪಕ್ಕೆಯೂ ಬಿಗಿ ಕಳೆದುಕೊಂಡಿರುತ್ತದೆ. ಅವರು ಇಳಿದ ಅದುರಿಗೇ ಅದೂ ಬೀಳುತ್ತದೆ. ಜೆಸಿಬಿಯ ಬಕೆಟ್ಟಿನಿಂದ ಮನುಷ್ಯನನ್ನು ಎತ್ತಲು ಹೋಗುವುದು ಅದಕ್ಕಿಂತ ದೊಡ್ಡ ತಪ್ಪು. 112ಕ್ಕೆ ಕರೆ ಮಾಡಬೇಕು, ಯಂತ್ರ ನಿಲ್ಲಿಸಬೇಕು, ದಂಡೆಯ ಜನರನ್ನು ಹಿಂದೆ ಸರಿಸಬೇಕು, ಸಿಕ್ಕ ಬಾಗಿಲು ಹಲಗೆಗಳನ್ನು ಎದುರಿನ ಗೋಡೆಗೆ ಆನಿಸಿ ಭದ್ರ ಮಾಡಿಕೊಂಡೇ ಕೈಯಿಂದ ಮಣ್ಣು ತೆಗೆಯಬೇಕು. ಕಣ್ಣೆದುರು ನಮ್ಮವರು ಸಿಕ್ಕಿಕೊಂಡಾಗ ಇಷ್ಟು ತಾಳ್ಮೆ ಬರುವುದು ಕಷ್ಟ. ಅದಕ್ಕೇ ಇದನ್ನು ತೆಗ್ಗು ಬೀಳುವ ಮೊದಲೇ ಮಾತಾಡಿಕೊಂಡಿರಬೇಕು.

ಈಗ ಆ ಮೇಲಿನ ಮಾತುಗಳನ್ನು ಕೆಳಗಿಳಿಸೋಣ. ಸ್ಲೋಪಿಂಗ್ ಎಂದರೆ ಪಕ್ಕೆಯನ್ನು ಓರೆ ಮಾಡುವುದು. ಓಷಾ ಲೆಕ್ಕದಲ್ಲಿ ‘ಬಿ’ ವರ್ಗದ ನೆಲಕ್ಕೆ ಒಂದು ಅಡಿ ಆಳಕ್ಕೆ ಒಂದು ಅಡಿ ಓರೆ, ‘ಸಿ’ ವರ್ಗದ ಸಡಿಲ ನೆಲಕ್ಕೆ ಒಂದು ಅಡಿ ಆಳಕ್ಕೆ ಒಂದೂವರೆ ಅಡಿ ಓರೆ. ಹೊಲದಲ್ಲಿ ಇದು ಸುಲಭ, ಜಾಗ ಇರುತ್ತದೆ. ಬೆಂಚಿಂಗ್ ಎಂದರೆ ಪಕ್ಕೆಗೆ ಮೆಟ್ಟಿಲು ಕೊಯ್ಯುವುದು. ಬಸವನಬಾಗೇವಾಡಿ, ಸಿಂದಗಿ ಭಾಗದಲ್ಲಿ ಮುಳವಾಡ, ಚಿಮ್ಮಲಗಿ ಏತ ನೀರಾವರಿಯ ಕಾಲುವೆಗಳು ದಿಬ್ಬ ಸೀಳಿ ಹೋಗುವ ಕಡೆ ನಿಂತು ನೋಡಿದರೆ ಪಕ್ಕೆಯ ನಡುನಡುವೆ ಅಗಲವಾದ ಮೆಟ್ಟಿಲು ಬಿಟ್ಟಿರುವುದು ಕಾಣುತ್ತದೆ. ಆ ಮೆಟ್ಟಿಲೇ ಬರ್ಮ್. ಮೇಲಿನಿಂದ ಉರುಳಿದ ಹೆಂಟೆ ಅಲ್ಲೇ ನಿಲ್ಲುತ್ತದೆ, ತಳದಲ್ಲಿದ್ದವನ ತಲೆಯ ತನಕ ಬರುವುದಿಲ್ಲ. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದ ಮೇಲೆ ಈ ಜಿಲ್ಲೆ ಅರವತ್ತು ವರ್ಷಗಳಿಂದ ಕಾಲುವೆ ಅಗೆಯುತ್ತಲೇ ಇದೆ. ಅಂದ ಮೇಲೆ ಬೆಂಚಿಂಗ್ ನಮಗೆ ಹೊಸದಲ್ಲ. ದೊಡ್ಡ ಕಾಲುವೆಗೆ ಮಾಡುವ ಮರ್ಯಾದೆಯನ್ನು ಓಣಿಯ ಗಟಾರಕ್ಕೆ ಮಾಡುತ್ತಿಲ್ಲ, ಅಷ್ಟೇ.

ಓಣಿಯಲ್ಲಿ ಓರೆ ಮಾಡಲು ಜಾಗವಿಲ್ಲ, ಎರಡೂ ಕಡೆ ಮನೆಗಳು ಎನ್ನುತ್ತಾರೆ. ನಿಜ. ಶೋರಿಂಗ್ ಇರುವುದೇ ಅಂಥ ಕಡೆಗಾಗಿ. ಎರಡೂ ಪಕ್ಕೆಗೆ ಹಲಗೆ ಆನಿಸಿ, ಹಲಗೆಗಳ ಮೇಲೆ ಉದ್ದಕ್ಕೆ ತೊಲೆ ಇಟ್ಟು, ತೊಲೆಯಿಂದ ತೊಲೆಗೆ ಅಡ್ಡಲಾಗಿ ಒತ್ತುಗೋಲು ಕೊಟ್ಟು ಬಿಗಿಯುವುದು. ನಮ್ಮ ಹಳೆಯ ಬಾವಿಗಳನ್ನು ನೋಡಿ: ಯರಿಯೂ ಗರಸೂ ಇರುವ ತನಕ ಸುತ್ತು ಕಲ್ಲು ಕಟ್ಟಿ, ಕಲ್ಲಿನ ಪದರ ಬಂದ ಮೇಲೆ ಕಟ್ಟುವುದನ್ನು ನಿಲ್ಲಿಸಿದ್ದಾರೆ. ಯಾವ ಮಣ್ಣಿಗೆ ಆಸರೆ ಬೇಕು, ಯಾವುದಕ್ಕೆ ಬೇಡ ಎಂದು ಬಲ್ಲವರ ಕೆಲಸ ಅದು. ಒತ್ತುಗೋಲು ಬಿಚ್ಚುವಾಗ ತಳದಿಂದ ಬಿಚ್ಚುತ್ತ, ಮಣ್ಣು ತುಂಬುತ್ತ ಮೇಲೆ ಬರಬೇಕು. ಸಾಮಾನು ಬೇಗ ಸಿಗಲೆಂದು ಎಲ್ಲವನ್ನೂ ಒಮ್ಮೆಗೇ ಕಿತ್ತರೆ ಕಟ್ಟಿದ್ದು ವ್ಯರ್ಥ.

ತೆಗೆದ ಮಣ್ಣಿಗೆ ಇಂಗ್ಲಿಷಿನಲ್ಲಿ ಸ್ಪಾಯಿಲ್ ಎನ್ನುತ್ತಾರೆ. ನಾನು ಕಂಡ ಅಗೆತಗಳಲ್ಲಿ ಅತಿ ಹೆಚ್ಚು ಮುರಿಯುವ ನಿಯಮ ಇದರದ್ದೇ. ಮರಳಿ ತುಂಬಲು ಸುಲಭವಾಗಲಿ ಎಂದು ಜೆಸಿಬಿ ಚಾಲಕ ಮಣ್ಣನ್ನು ದಂಡೆಗೇ ಸುರಿಯುತ್ತಾನೆ. ಅದರ ಪಕ್ಕದಲ್ಲಿ ಸಿಮೆಂಟ್ ಪೈಪುಗಳನ್ನು ಇಳಿಸುತ್ತಾರೆ, ಅದರಾಚೆ ಟ್ರ್ಯಾಕ್ಟರ್ ನಿಲ್ಲಿಸುತ್ತಾರೆ. ಬಿರುಕು ಬಿಟ್ಟ ಪಕ್ಕೆಯ ನೆತ್ತಿಯ ಮೇಲೆ ಇಷ್ಟು ಭಾರ ಹೇರಿ, ಅದರ ಬುಡದಲ್ಲಿ ಮನುಷ್ಯನನ್ನು ಕೂರಿಸುತ್ತೇವೆ. ಒಂದು ಪೈಸೆ ಖರ್ಚಿಲ್ಲದೆ ತಪ್ಪಿಸಬಹುದಾದ ಅಪಾಯ ಇದು. ಬಕೆಟ್ಟನ್ನು ಇನ್ನೊಂದಿಷ್ಟು ಆಚೆ ಚಾಚಿದರೆ ಸಾಕು.

ಯಂತ್ರದ ವಿಷಯ ಬಂದಾಗ ಒಂದು ಮಾತು. ಸಣ್ಣದನ್ನು ಜೆಸಿಬಿ, ದೊಡ್ಡದನ್ನು ಹಿಟಾಚಿ ಎಂದು ಕರೆಯುವುದು ನಮ್ಮಲ್ಲಿ ರೂಢಿ, ಕಂಪನಿ ಯಾವುದೇ ಇರಲಿ. ಹಿಟಾಚಿ ತಿರುಗುವಾಗ ಅದರ ಹಿಂಭಾಗ ಹೊರಚಾಚಿ ಬೀಸುತ್ತದೆ. ಚಾಲಕನಿಗೆ ಅದು ಕಾಣುವುದಿಲ್ಲ. ಮಕ್ಕಳು ಮುದುಕರು ಸಾಲಾಗಿ ನಿಂತು ಅಗೆತ ನೋಡುವುದು ನಮ್ಮೂರ ಹವ್ಯಾಸ. ಆ ಬೀಸಿನಾಚೆ ಒಂದು ಹಗ್ಗ ಕಟ್ಟಿ, ದಾಟದಂತೆ ಒಬ್ಬನನ್ನು ನಿಲ್ಲಿಸಬೇಕು. ಮೇಲಿನ ವಿದ್ಯುತ್ ತಂತಿಗೆ ಬೂಮ್ ತಾಗದಂತೆ ನೋಡುವವನೂ ಬೇಕು. ನೆಲದೊಳಗಿನ ಕೇಬಲ್, ಪೈಪುಗಳಿಗಾಗಿ ಕೇಂದ್ರ ಸರ್ಕಾರ 2023ರ ಮಾರ್ಚ್ 22ರಂದು ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ಬಿಡುಗಡೆ ಮಾಡಿದೆ, ಅಗೆಯುವ ಮೊದಲು ಅದರಲ್ಲಿ ತಿಳಿಸಬಹುದು.

ನಮ್ಮ ಹಳೆಯ ಜನಕ್ಕೆ ಚೆನ್ನಾಗಿ ಗೊತ್ತಿದ್ದ, ಈಗ ಮರೆತೇಹೋಗುತ್ತಿರುವ ಅಪಾಯ ಕೆಟ್ಟ ಗಾಳಿಯದು. ಹಗೇವಿನಲ್ಲಿ ಜೋಳ ವರ್ಷಗಟ್ಟಲೆ ಹುಳ ಹಿಡಿಯದೆ ಉಳಿಯುತ್ತಿದ್ದುದು ಯಾಕೆ? ಒಳಗಿನ ಕಾಳು ಉಸಿರಾಡಿ ಆಮ್ಲಜನಕವನ್ನು ತಿಂದುಹಾಕುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ, ಹುಳ ಬದುಕುವುದಿಲ್ಲ. ಹುಳವನ್ನು ಕೊಂದ ಗಾಳಿಯೇ ಇಳಿದ ಮನುಷ್ಯನನ್ನೂ ಕೊಲ್ಲುತ್ತದೆ. ಅದಕ್ಕೇ ಹಗೇವಿನ ಬಾಯಿ ತೆಗೆದವರು ತಕ್ಷಣ ಇಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡಿ, ಅದು ಆರದೆ ಉರಿದರೆ ಇಳಿಯುತ್ತಿದ್ದರು. ಇಂದು ಪಾಳು ಬಾವಿಯ ಹೂಳು ತೆಗೆಯಲು, ಒಳಚರಂಡಿಯ ಗುಂಡಿಗೆ, ಮನೆಯ ಶೌಚದ ಹೊಂಡಕ್ಕೆ ಇಳಿಯುವವರಿಗೆ ಆ ಕಾಯುವಿಕೆಯೂ ಇಲ್ಲ. ಶೌಚ ಗುಂಡಿಗಳಲ್ಲಿ ಹೊತ್ತಿಕೊಳ್ಳುವ ಅನಿಲವೂ ಇರುವುದರಿಂದ ಅಲ್ಲಿ ದೀಪ ಇಳಿಸುವುದೇ ಅಪಾಯ, ಅನಿಲ ಅಳೆಯುವ ಉಪಕರಣವೇ ಬೇಕು. ಮನುಷ್ಯರನ್ನು ಅಂಥ ಗುಂಡಿಗಿಳಿಸುವುದಕ್ಕೆ 2013ರ ಕಾನೂನಿನ ನಿಷೇಧವೂ ಇದೆ.

ಆದಿಲ್‌ಶಾಹಿ ಕಾಲದಲ್ಲಿ ವಿಜಯಪುರ ನಗರಕ್ಕೆ ನೆಲದೊಳಗೆ ನೀರು ತಂದ ಸುರಂಗಗಳನ್ನು ನೆನೆದರೆ ಮನಸ್ಸಿಗೆ ನೋವಾಗುತ್ತದೆ. ತೊರವಿಯ ಬಳಿಯ ಸುರಂಗ ಬಾವಡಿ ಆ ವ್ಯವಸ್ಥೆಯ ಭಾಗ. ಕರೇಜ್ ಎಂದು ಕರೆಯುವ ಆ ಸುರಂಗಗಳ ಉದ್ದಕ್ಕೂ ಅಲ್ಲಲ್ಲಿ ನೇರ ಬಾವಿಗಳನ್ನು ಇಳಿಸಿದ್ದಾರೆ. ತೆಗೆದ ಮಣ್ಣು ಮೇಲೆ ಬರುವುದು, ಬೆಳಕೂ ಗಾಳಿಯೂ ಒಳಗೆ ಹೋಗುವುದು ಅವುಗಳ ಮೂಲಕ. ಇಳಿದವನು ಹತ್ತಿ ಬರಲು ದಾರಿ ಬೇಕು, ಉಸಿರಿಗೆ ಗಾಳಿ ಬೇಕು ಎಂಬುದು ನಾಲ್ಕು ಶತಮಾನಗಳ ಹಿಂದೆಯೇ ಈ ಊರಲ್ಲಿ ಗೊತ್ತಿದ್ದ ವಿದ್ಯೆ.

ಇಂಡಿ ತಾಲ್ಲೂಕಿನ ಲಚ್ಯಾಣದ ಹೆಸರನ್ನು ಇಡೀ ದೇಶ ಕೇಳಿದ್ದು 2024ರ ಏಪ್ರಿಲ್ 3ರ ಸಂಜೆ. ಹಿಂದಿನ ದಿನವಷ್ಟೇ ಕೊರೆದು ಬಾಯಿ ಮುಚ್ಚದೆ ಬಿಟ್ಟಿದ್ದ ಕೊಳವೆ ಬಾವಿಗೆ ಎರಡು ವರ್ಷದ ಮಗು ತಲೆಕೆಳಗಾಗಿ ಬಿತ್ತು. ಸುಮಾರು ಹದಿನಾರು ಅಡಿಯಾಚೆ ಸಿಕ್ಕಿಕೊಂಡಿತ್ತು. ಕ್ಯಾಮೆರಾ ಇಳಿಸಿ, ಕೊಳವೆಯಲ್ಲಿ ಆಮ್ಲಜನಕ ಬಿಟ್ಟು, ಪಕ್ಕದಲ್ಲಿ ಇಪ್ಪತ್ತು ಅಡಿಗೂ ಮಿಕ್ಕಿ ಸಮಾನಾಂತರ ತೆಗ್ಗು ತೋಡಿ, ಅಲ್ಲಿಂದ ಅಡ್ಡಲಾಗಿ ಕೊರೆದು ಹೋದರು. ನಡುವೆ ಕಲ್ಲು ಅಡ್ಡ ಬಂತು. ಹೆಚ್ಚುಕಡಿಮೆ ಇಪ್ಪತ್ತು ತಾಸಿನ ಮೇಲೆ, ಏಪ್ರಿಲ್ 4ರ ಮಧ್ಯಾಹ್ನ, ಮಗು ಜೀವಂತ ಹೊರಬಂತು. ಅಂದು ಕಣ್ಣೀರು ಹಾಕದವರು ನಮ್ಮ ಜಿಲ್ಲೆಯಲ್ಲಿ ಕಡಿಮೆ.

ಇಂಥ ಕಾರ್ಯಾಚರಣೆಯ ಅಗೆತವನ್ನು ಗಮನವಿಟ್ಟು ನೋಡಿ. ಕೊಳವೆಯ ಪಕ್ಕದಲ್ಲೇ ಯಂತ್ರ ಹಾಕುವುದಿಲ್ಲ, ಅದರ ಭಾರಕ್ಕೂ ಅದುರಿಗೂ ಮಣ್ಣು ಒಳಗೆ ಸುರಿಯುತ್ತದೆ. ದೂರದಿಂದ ಅಗಲವಾಗಿ ಆರಂಭಿಸಿ, ಯಂತ್ರ ಇಳಿಯುವಂತೆ ಇಳಿಜಾರು ಬಿಟ್ಟು ಆಳಕ್ಕೆ ಹೋಗುತ್ತಾರೆ. ತೆಗೆದ ಮಣ್ಣನ್ನು ದೂರ ಸಾಗಿಸುತ್ತಾರೆ. ಜನರನ್ನು ಹಿಂದೆ ಸರಿಸುತ್ತಾರೆ. ಕೊನೆಯ ಭಾಗವನ್ನು ಕೈಯಿಂದ ಕೊರೆಯುತ್ತಾರೆ. ನಿಲ್ಲಿಸು ಎಂದರೆ ಯಂತ್ರ ನಿಲ್ಲುವಂಥ ಅಧಿಕಾರವಿರುವವರು ದಂಡೆಯ ಮೇಲಿರುತ್ತಾರೆ. ನಿಯಮದ ಪುಸ್ತಕದಲ್ಲಿರುವುದೆಲ್ಲ ಒಂದೇ ರಾತ್ರಿಯಲ್ಲಿ ನಮ್ಮದೇ ಯಂತ್ರಗಳಿಂದ, ನಮ್ಮದೇ ಜನರಿಂದ ಸಾಧ್ಯವಾಗುತ್ತದೆ ಎಂದು ಲಚ್ಯಾಣ ತೋರಿಸಿತು. ಒಂದು ಮಗುವಿಗಾಗಿ ಸಾಧ್ಯವಾದದ್ದು ಗಟಾರ ತೋಡುವ ನಾಲ್ಕು ಜನರಿಗಾಗಿ ಯಾಕೆ ಸಾಧ್ಯವಾಗುವುದಿಲ್ಲ?

ಎಲ್ಲ ಮಕ್ಕಳೂ ಲಚ್ಯಾಣದ ಮಗುವಿನಷ್ಟು ಪುಣ್ಯವಂತರಾಗಿರಲಿಲ್ಲ. 2014ರ ಜೂನ್‌ನಲ್ಲಿ ವಿಜಯಪುರ ಸಮೀಪದ ನಾಗಠಾಣ, ಅದೇ ವರ್ಷದ ಆಗಸ್ಟ್‌ನಲ್ಲಿ ಬಾಗಲಕೋಟೆ ಜಿಲ್ಲೆಯ ಸೂಳಿಕೇರಿ, 2017ರ ಏಪ್ರಿಲ್‌ನಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡ. ಮೂರೂ ಕಡೆ ಕೊಳವೆ ಬಾವಿಗೆ ಬಿದ್ದ ಮಕ್ಕಳು ಉಳಿಯಲಿಲ್ಲ. ಇವೆಲ್ಲ ನಡೆಯುವುದಕ್ಕೆ ಮೊದಲೇ, 2010ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟ್ ಮಾರ್ಗಸೂಚಿ ಕೊಟ್ಟಿತ್ತು. ಕೊರೆಸುವ 15 ದಿನ ಮೊದಲು ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬೇಕು. ಕೊರೆಯುವ ಏಜೆನ್ಸಿ ನೋಂದಣಿಯಾಗಿರಬೇಕು. ಕೆಲಸ ನಡೆಯುವಾಗ ಫಲಕ ಮತ್ತು ಮುಳ್ಳುತಂತಿ ಬೇಕು. ಕೇಸಿಂಗ್ ಸುತ್ತ ಅರ್ಧ ಮೀಟರ್ ಅಗಲದ, ನೆಲದ ಮೇಲೆ 30 ಕೆಳಗೆ 30 ಸೆಂಟಿಮೀಟರ್ ಇರುವ ಕಾಂಕ್ರೀಟ್ ಕಟ್ಟೆ ಬೇಕು. ಬಾಯಿಗೆ ಉಕ್ಕಿನ ತಟ್ಟೆ ಬೆಸೆಯಬೇಕು ಇಲ್ಲವೇ ಬೋಲ್ಟು ಹಾಕಿದ ಮುಚ್ಚಳ ಬಿಗಿಯಬೇಕು. ನೀರು ಬಾರದ ಬಾವಿಯನ್ನು ತಳದಿಂದ ಮೇಲಿನ ತನಕ ಮಣ್ಣು, ಮರಳು, ಕಲ್ಲುಗಳಿಂದ ತುಂಬಬೇಕು. ರಾಜ್ಯದ 2011ರ ಅಂತರ್ಜಲ ಕಾಯ್ದೆಗೂ ಲಚ್ಯಾಣದ ಘಟನೆಯ ವರ್ಷವೇ ಈ ಸಂಬಂಧ ತಿದ್ದುಪಡಿ ಬಂತು.

ನಿಂಬೆ ಗಿಡ ಒಣಗುತ್ತಿರುವಾಗ ಸಾಲ ಮಾಡಿ ಕೊರೆಸಿದ ಬಾವಿಯಲ್ಲಿ ಬರೀ ದೂಳು ಹಾರಿದರೆ ರೈತನ ಎದೆ ಒಡೆಯುತ್ತದೆ, ಮುಚ್ಚಳದ ನೆನಪು ಬರುವುದಿಲ್ಲ. ಅದು ನನಗೆ ಅರ್ಥವಾಗುತ್ತದೆ. ಆದ್ದರಿಂದ ಹೊಣೆಯನ್ನು ಅವನೊಬ್ಬನ ಮೇಲೆ ಹೊರಿಸದೆ, ಬೋರ್‌ವೆಲ್ ಗಾಡಿಯವರು ಬಾಯಿ ಮುಚ್ಚದೆ ಹೊಲ ಬಿಡಕೂಡದು, ಮುಚ್ಚಿದ ಮೇಲೆಯೇ ಹಣ ಎಂಬ ಕರಾರು ಊರೂರಲ್ಲಿ ಆಗಬೇಕು. ಕೃಷಿ ಹೊಂಡಗಳಿಗೂ ಇದೇ ಮಾತು. ಒಳಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿಗಟ್ಟಿ ಜಾರುತ್ತದೆ, ಈಜು ಬಲ್ಲವನೂ ಹತ್ತಿ ಬರಲಾರ. ಸುತ್ತ ಬೇಲಿ, ಒಳಗೆ ಇಳಿಬಿಟ್ಟ ಗಂಟುಹಗ್ಗ ಇಲ್ಲದ ಹೊಂಡವನ್ನು ಮುಗಿದ ಕೆಲಸ ಎಂದು ಒಪ್ಪಿಕೊಳ್ಳಬಾರದು.

ನಮ್ಮ ನಾಲ್ಕೂ ತಾಲ್ಲೂಕುಗಳಿಂದ ಜನ ಗುಳೆ ಹೋಗುತ್ತಾರೆ. ಬೆಂಗಳೂರು, ಪುಣೆ, ಮುಂಬೈ, ಗೋವಾಗಳ ಪಾಯಾಗಳಲ್ಲಿ, ಪೈಪಿನ ನಾಲಿಗಳಲ್ಲಿ ನಮ್ಮ ತಾಂಡಾಗಳ, ನಮ್ಮ ಹಳ್ಳಿಗಳ ಮಕ್ಕಳಿದ್ದಾರೆ. ಅಲ್ಲಿ ಅವರಿಗೆ ನೆಲವೂ ಹೊಸದು, ಭಾಷೆಯೂ ಹೊಸದು. ಇಲ್ಲಿ ಯರಿ ನೆಲದ ಗುಣ ಬಲ್ಲವನು ಅಲ್ಲಿಯ ಕೆಂಪು ಮಣ್ಣಿನ ಗುಣ ಅರಿಯ. ಮೇಸ್ತ್ರಿ ಕೂಗಿದ ಎಚ್ಚರಿಕೆ ಯಾವ ಭಾಷೆಯಲ್ಲಿ ಬಂತೋ ಅದು ಅರ್ಥವಾಗುವಷ್ಟರಲ್ಲಿ ಪಕ್ಕೆ ಬಿದ್ದಿರುತ್ತದೆ. ಗುಳೆ ಹೊರಡುವ ಮೊದಲು ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡು ಮಾಡಿಸಿಕೊಳ್ಳುವುದು ಎಷ್ಟು ಮುಖ್ಯವೋ, 4 ಅಡಿಗೆ ಏಣಿ, 5 ಅಡಿಗೆ ಆಸರೆ ಎಂಬ ಎರಡು ಅಂಕಿಗಳನ್ನು ಬಾಯಿಪಾಠ ಮಾಡಿಕೊಳ್ಳುವುದೂ ಅಷ್ಟೇ ಮುಖ್ಯ.

ಓಷಾ ನಿಯಮದಲ್ಲಿ ನನಗೆ ಅತಿ ಬೆಲೆಯುಳ್ಳದ್ದೆನಿಸಿದ್ದು ಯಾವ ಅಳತೆಯೂ ಅಲ್ಲ, ಒಬ್ಬ ಮನುಷ್ಯ. ಕಾಂಪಿಟೆಂಟ್ ಪರ್ಸನ್ ಎಂದು ಅವನಿಗೆ ಹೆಸರು. ದಿನವೂ ಕೆಲಸ ಶುರುವಾಗುವ ಮೊದಲು, ಮಳೆ ಬಂದು ಹೋದ ಮೇಲೆ ಮತ್ತೊಮ್ಮೆ, ಅವನು ತೆಗ್ಗನ್ನು ಪರೀಕ್ಷಿಸಬೇಕು. ಅಪಾಯ ಕಂಡರೆ ಯಾರನ್ನೂ ಕೇಳದೆ ಜನರನ್ನು ಮೇಲಕ್ಕೆ ಕರೆದು ಅದನ್ನು ಸರಿಪಡಿಸುವ ಅಧಿಕಾರ ಅವನಿಗಿರುತ್ತದೆ. ನಮ್ಮಲ್ಲಿ ತಿಳಿದವನಿಗೆ ಅಧಿಕಾರವಿಲ್ಲ, ಅಧಿಕಾರವಿದ್ದವನು ತೆಗ್ಗಿನ ಹತ್ತಿರ ಬರುವುದಿಲ್ಲ. ಇಪ್ಪತ್ತು ವರ್ಷ ಮಣ್ಣು ಅಗೆದ ಹಿರಿಯ ಕೆಲಸಗಾರ ಪಕ್ಕೆಯಿಂದ ಪುಡಿ ಉದುರುವುದನ್ನು ಕಂಡು ‘ಇದು ಚಲೋ ಇಲ್ರೀ’ ಎಂದರೆ ಆ ಮಾತಿಗೆ ಯಂತ್ರ ನಿಲ್ಲಬೇಕು. ಅವನನ್ನೇ ಕಾಗದದ ಮೇಲೆ ಆ ಹೊಣೆಗೆ ನೇಮಿಸಿ, ಅದಕ್ಕೆಂದು ಕೂಲಿಯ ಮೇಲೆ ಒಂದಿಷ್ಟು ಹೆಚ್ಚು ಕೊಡುವುದು ಗುತ್ತಿಗೆದಾರರಿಗೆ ದೊಡ್ಡ ಭಾರವೇನಲ್ಲ.

ಗ್ರಾಮ ಪಂಚಾಯಿತಿ, ಪುರಸಭೆಗಳ ಸದಸ್ಯರಲ್ಲಿ ನನ್ನದೊಂದು ಬೇಡಿಕೆ. ನಿಮ್ಮೂರಲ್ಲಿ ಅಗೆತದ ಯಾವ ಕೆಲಸ ನಡೆದರೂ ಮೊತ್ತ, ಗುತ್ತಿಗೆದಾರರ ಹೆಸರು ಬರೆದ ಫಲಕದ ಕೆಳಗೆ ನಾಲ್ಕು ಸಾಲು ಸೇರಿಸಿ, ನಮ್ಮ ಮಾತಿನಲ್ಲಿ: ನಾಲ್ಕು ಅಡಿಗೆ ಏಣಿ. ಐದು ಅಡಿಗೆ ಓರೆ ಇಲ್ಲವೇ ಆಸರೆ. ಮಣ್ಣು ದಂಡೆಯಿಂದ ಐದು ಅಡಿ ಆಚೆ. ಬುಡ ಕೊರೆಯಬೇಡಿ. ಓದುಗರಲ್ಲಿ ಇನ್ನೂ ಸಣ್ಣ ಬೇಡಿಕೆ. ನಾಳೆ ನಿಮ್ಮ ಓಣಿಯಲ್ಲಿ ತೆಗ್ಗಿನೊಳಗೆ ಯಾರಾದರೂ ನಿಂತಿರುವುದು ಕಂಡರೆ ದಂಡೆಗೆ ಹೋಗಬೇಡಿ, ದೂರದಲ್ಲೇ ನಿಂತು ಮೇಸ್ತ್ರಿಯನ್ನು ಕರೆದು ಕೇಳಿ: ಏಣಿ ಎಲ್ಲದರೀ?